ಹೂಮೀನಿನ ಮನೆಯವಳು

ಕಟ್ಟೆಯ ಕಲ್ಲಿಗೆ ನಿನ್ನೆಯ ಮೀನಿನ ಹುರುಪೆ ಒಣಗಿ ಅಂಟಿಕೊಂಡಿತ್ತು. ನಾನು ನೀರು ಚಿಮುಕಿಸಿ, ಅದು ನೆನೆಯುವವರೆಗೆ ಕಾದು, ಹಿಡಿಸೂಡಿಯಿಂದ ಗುಡಿಸತೊಡಗಿದೆ. ಕಟ್ಟೆಯ ಹಿರಿಯ ಜಟ್ಟಿಯಜ್ಜ ಮೆಟ್ಟಿಲ ಮೇಲೆ ಕೂತು, ಲಾಟೀನು ಎತ್ತಿ ಹಿಡಿದು, ನಾನು ಸರಿದ ಕಡೆಗೆ ಬೆಳಕನ್ನೂ ಸರಿಸುತ್ತಿದ್ದ. ಅವನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ನೀರು ನೋಡುವವಳ ಹತ್ತಿರ, ಅವಳು ಹಲಗೆ ಬರೆದು ಮುಗಿಸುವವರೆಗೆ, ನಮ್ಮೂರಿನಲ್ಲಿ ಯಾರೂ ಮಾತಾಡುವುದಿಲ್ಲ. ಮಾತಾಡಿದರೆ ಅವಳ ನಾಲಿಗೆ ಕೆಡುತ್ತದೆ ಎನ್ನುತ್ತಾರೆ. ಗುಡಿಸಿ ಮುಗಿದ ಮೇಲೆ ಅಜ್ಜ ಲಾಟೀನನ್ನು ನನ್ನ ಕೈಗೆ ಕೊಟ್ಟ. ನಾನು ಕೆರೆಯ ದಾರಿ ಹಿಡಿದೆ.

ನಮ್ಮೂರಿಗೆ ಮೂರು ನೀರು. ಮೇಲೆ ಕೆರೆ, ನಡುವೆ ನದಿ, ಕೆಳಗೆ ಕಡಲು. ಯಾವ ಮೀನು ಯಾವತ್ತು ಯಾವ ನೀರಿನಲ್ಲಿ ಇರುತ್ತದೆ ಎಂದು ಹಿಂದಿನ ದಿನ ಹೇಳಲು ಬರುವುದಿಲ್ಲ. ಸೋಮವಾರ ಕಡಲಿನಲ್ಲಿ ಸಿಕ್ಕ ಬಂಗುಡೆ ಮಂಗಳವಾರ ಕೆರೆಯ ತಾವರೆ ಎಲೆಗಳ ಕೆಳಗೆ ಹೊರಳುತ್ತಿರುತ್ತದೆ. ಕೆಸರಿನ ಬಾಳೆಮೀನು ತೆರೆಯ ಮೇಲೆ ಬಾಯಿ ತೆರೆದುಕೊಂಡು ತೇಲಿ ಬರುತ್ತದೆ. ಮಂಜುಗಡ್ಡೆ ತರುವ ಲಾರಿಯ ಡ್ರೈವರ್ ಹೊರಗಿನವನು. ಅವನು ಮಾತ್ರ ಮೊದಮೊದಲು ಕೆರೆಯ ಏರಿಯ ಮೇಲೆ ಬುಟ್ಟಿಗಟ್ಟಲೆ ಕಡಲಿನ ತಾರ್ಲೆ ಮೀನು ನೋಡಿ, ಹಚ್ಚಿದ ಬೀಡಿ ಬೆರಳು ಸುಡುವವರೆಗೆ ನಿಂತಿರುತ್ತಿದ್ದನಂತೆ. ನಮ್ಮವರಿಗೆ ಅದು ಒಂದಿಷ್ಟು ಹೆಚ್ಚಿನ ಕೆಲಸ, ಅಷ್ಟೆ. ದೋಣಿ ಎಳೆಯಲು ಗಾಲಿಯ ಬಂಡಿ ಮಾಡಿಸಿಕೊಂಡಿದ್ದಾರೆ. ಕೆರೆಯ ದಂಡೆಯಲ್ಲೂ ಕಡಲಿನ ದೋಣಿಗೆ ಚಪ್ಪರ ಹಾಕಿದ್ದಾರೆ. ಅಡುಗೆಯ ಹೆಂಗಸರು ಇವತ್ತಿನ ಮೀನು ಯಾವ ನೀರಿನದು ಎಂದು ಕೇಳಿಯೇ ಹುಳಿ ಕಿವುಚುತ್ತಾರೆ. ಕೆರೆಯ ಬಂಗುಡೆಗೆ ಹುಣಸೆ ಒಂದು ಉಂಡೆ ಹೆಚ್ಚು ಬೇಕು, ಕಡಲಿನ ಬಾಳೆಮೀನಿಗೆ ಉಪ್ಪು ಬೇಡವೇ ಬೇಡ.

ನೀರು ಯಾರದ್ದೂ ಅಲ್ಲ, ಮೀನು ಮಾತ್ರ ಮನೆಯದ್ದು. ಬಂಗುಡೆಯವರು ಬಂಗುಡೆ ಹಿಡಿಯುತ್ತಾರೆ, ತಾರ್ಲೆಯವರು ತಾರ್ಲೆ. ಸಿಗಡಿಯವರಿದ್ದಾರೆ, ಏಡಿಯವರಿದ್ದಾರೆ, ಬಾಳೆಮೀನಿನವರಿದ್ದಾರೆ. ತಮ್ಮ ಮೀನು ಇರುವ ನೀರಿಗೆ ಆಯಾ ಮನೆಯವರು ಹೋಗುತ್ತಾರೆ. ನಾನು ಬೆಳಗಾಗುವ ಮೊದಲು ಮೂರೂ ನೀರನ್ನು ಬಾಯಿಗೆ ಹಾಕಿ ನೋಡಿ, ಕಟ್ಟೆಯ ಕಪ್ಪು ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತೇನೆ. ಬಂಗುಡೆ, ಕೆರೆ, ಮೂಡುಬದಿ. ತಾರ್ಲೆ, ಕಡಲು, ತೆಳು, ದೂರ. ಏಡಿ, ನದಿ, ಬಂಡೆಯ ಸಂದು. ಅಳಿವೆಯಲ್ಲಿ ಸೆಳೆತ ಇದೆ, ಸಣ್ಣ ದೋಣಿ ಬೇಡ. ಹೀಗೆ. ಕೊನೆಯ ಸಾಲಿನಲ್ಲಿ ಹೂಮೀನು ಎಂದು ಬರೆದು, ಅದರ ಮುಂದೆ ಒಂದು ಅಡ್ಡಗೆರೆ ಎಳೆಯುತ್ತಿದ್ದೆ. ಇಲ್ಲ ಎಂದು ಅರ್ಥ.

ಹೂಮೀನು ನಮ್ಮ ಮನೆಯದು. ಕೈಯಷ್ಟುದ್ದದ ಬೆಳ್ಳಗಿನ ಮೀನು, ಬಾಲ ಕತ್ತರಿಯ ಹಾಗೆ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಅದು ನದಿಗೆ ಎಷ್ಟು ಬಂತೆಂದರೆ ಅಪ್ಪ ಬಲೆ ಎಳೆಯಲಾರದೆ ನೀರಿಗೇ ಬಿದ್ದಿದ್ದ. ಅಮ್ಮ ಆಗ ನೀರು ನೋಡುವವಳಾಗಿದ್ದಳು. ಅವಳು ನನ್ನನ್ನು ದಂಡೆಯಲ್ಲಿ ಕೂರಿಸಿ, ಬೊಗಸೆಯಲ್ಲಿ ನೀರೆತ್ತಿ ಕುಡಿಸಿ, "ಇದು ಬಿಳಿ ರುಚಿ, ನೆನಪಿಟ್ಕೋ" ಎಂದಿದ್ದಳು. ಬಂಗುಡೆಗೆ ಹಳೆಯ ಕಬ್ಬಿಣ ನೆಕ್ಕಿದ ರುಚಿ. ತಾರ್ಲೆಗೆ ಎಣ್ಣೆ ಬತ್ತಿಯ ವಾಸನೆ. ಸಿಗಡಿಯ ನೀರು ನಾಲಿಗೆಯ ತುದಿಗೆ ಸಿಹಿ. ಹೂಮೀನಿನದು ಮಾತ್ರ ಬಿಳಿ. ಅದಕ್ಕೆ ಬೇರೆ ಮಾತು ಅಮ್ಮನಿಗೂ ಸಿಗಲಿಲ್ಲ, ನನಗೂ ಸಿಕ್ಕಿಲ್ಲ. ಆ ವರ್ಷವೇ ಶಾಲೆ ಬಿಟ್ಟೆ. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ನಾನು ಅಮ್ಮನ ಜೊತೆ ಕಡಲಿನ ದಂಡೆಯಲ್ಲಿ ಇರುತ್ತಿದ್ದೆ. ಮೇಷ್ಟರು ಒಂದೆರಡು ಸಲ ಮನೆಗೆ ಬಂದು ಕೇಳಿದರು. ಆಮೇಲೆ ಬರಲಿಲ್ಲ.

ಮುಂದಿನ ಮಳೆಗಾಲದಿಂದ ಹೂಮೀನು ಬರಲಿಲ್ಲ. ಒಂದು ವರ್ಷ ಅಪ್ಪ ಸುಮ್ಮನೆ ಬಲೆ ಹೆಣೆಯುತ್ತ ಕೂತ. ಎರಡನೆಯ ವರ್ಷ ಹೋಗಿಬಿಟ್ಟ, ಎದೆ ಹಿಡಿದುಕೊಂಡು, ಒಂದು ಮಧ್ಯಾಹ್ನ. ಅಕ್ಕ ಬಂಗುಡೆಯವರ ಸೊಸೆಯಾಗಿ ಬಂಗುಡೆಯವಳಾದಳು. ಅಣ್ಣ ಈರಣ್ಣ ತಾರ್ಲೆಯವರ ಮನೆಗೆ ಅಳಿಯನಾಗಿ ಹೋದ. ನಮ್ಮಲ್ಲಿ ಹೆಣ್ಣಾಗಲಿ ಗಂಡಾಗಲಿ, ಹೋದ ಮನೆಯ ಮೀನೇ ಅವರ ಮೀನು. ಬಿಟ್ಟು ಬಂದ ಮೀನಿಗೆ ಮತ್ತೆ ಬಲೆ ಹಾಕುವ ಹಾಗಿಲ್ಲ. ಎರಡು ವರ್ಷದ ಹಿಂದೆ ಅಮ್ಮನೂ ತೀರಿಕೊಂಡ ಮೇಲೆ ಹೂಮೀನಿನ ಮನೆ ಅಂದರೆ ನಾನೊಬ್ಬಳೇ.

ಒಂದು ಮನೆಯ ಮೀನು ಏಳು ಮಳೆಗಾಲ ಕಟ್ಟೆಗೆ ಬಾರದೆ ಹೋದರೆ ಆ ಮನೆಯ ಹೆಸರನ್ನು ಹಲಗೆಯಿಂದ ಅಳಿಸುತ್ತಾರೆ. ಏಳನೆಯ ವರ್ಷದ ಕೊನೆ ಎಂದರೆ, ಮಳೆಗೆ ಮೊದಲು ದೋಣಿಗಳನ್ನು ಮೇಲೆ ಎಳೆದಿಡುವ ದಿನ. ಅಷ್ಟರಲ್ಲಿ ಒಂದು ಮೀನಾದರೂ ಕಟ್ಟೆಯ ಮೇಲೆ ಬಿದ್ದರೆ ಮತ್ತೆ ಏಳು ವರ್ಷ. ಮೀನು ಸಿಗದೆ, ನೀರಿನಲ್ಲಿ ಇದೆ ಎಂದು ಹಲಗೆಯ ಮೇಲೆ ಬಂದರೆ ಒಂದು ವರ್ಷದ ಗಡುವು. ಹೆಸರು ಅಳಿಸಿದ ಮೇಲೆ ಆ ಮನೆಯವರು ನೀರು ನೋಡುವ ಹಾಗೂ ಇಲ್ಲ. ಮೀನಿಲ್ಲದವರ ನಾಲಿಗೆಗೆ ನೀರು ತನ್ನ ರುಚಿ ಕೊಡುವುದಿಲ್ಲವಂತೆ. ನನಗೆ ಬೇರೆ ಕೆಲಸ ಬರುವುದಿಲ್ಲ. ಜನರ ನಡುವೆ ನಿಂತು ಮಾತಾಡಲೂ ಬರುವುದಿಲ್ಲ. ಬೆಳಿಗ್ಗೆ ನಾನು ಬರೆಯುವಾಗ ನಲವತ್ತು ಐವತ್ತು ಮಂದಿ ನನ್ನ ಬೆನ್ನ ಹಿಂದೆ ಉಸಿರು ಹಿಡಿದು ನಿಲ್ಲುತ್ತಿದ್ದರು. ಆ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ದಿನದಲ್ಲಿ ನನಗೆ ಜನ ಸಿಗುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ.

ಬರೆದು ಮುಗಿಸಿ ಕಡ್ಡಿ ಕೆಳಗಿಟ್ಟ ಕೂಡಲೇ ಗದ್ದಲ ಶುರುವಾಗುತ್ತಿತ್ತು. ಮೊದಲ ಮಾತು ಯಾವಾಗಲೂ ಸಿಗಡಿ ಮನೆಯ ಹೊನ್ನಿಯಕ್ಕನದು. ಅವಳ ಮನೆಯವು ಎಂಟು ದೋಣಿ. ಎಂಟೂ ದೋಣಿಯವರನ್ನು ಅವಳ ಬಾಯಿಯೇ ನಡೆಸುತ್ತದೆ ಎಂದು ಊರಲ್ಲಿ ನಗುತ್ತಾರೆ. ಆ ಬೆಳಿಗ್ಗೆಯೂ ಅವಳೇ ಶುರು ಮಾಡಿದಳು.

"ಹೋಯ್ ಮಾದೇವಿ, ಎಂತ ಅಕ್ಷರ ಮಾರಾಯ್ತಿ ಇದು! ನೀನು ಬರೆದ ಸಿಗಡಿಗೆ ನಮ್ಮ ಸಿಗಡಿಗಿಂತ ಉದ್ದ ಮೀಸೆ."

"ಆರನೇ ಕ್ಲಾಸಿನ ಅಕ್ಷರ ಅಕ್ಕ, ಅದು ಅಷ್ಟೇ" ಎಂದು ನಾನು ನೆಲ ನೋಡಿದೆ.

"ನಾನು ಆ ಕ್ಲಾಸನ್ನೂ ನೋಡ್ಲಿಲ್ಲ. ನಂಗೆ ಮೀಸೆ ನೋಡಿಯೇ ಗೊತ್ತಾಗುದು ಅದು ಸಿಗಡಿ ಅಂತ." ಅವಳು ಜೋರಾಗಿ ನಕ್ಕಳು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದಳು. "ಇನ್ನು ಹತ್ತು ದಿನ ಉಂಟಲ್ಲ? ಹೆಸರು ಹೋದ್ರೆ ಹೋಗ್ತದೆ, ನೀನು ಹೋಗುದಿಲ್ಲ. ನಮ್ಮ ಮನೆಗೆ ಬಾ. ನನ್ನ ಮೈದುನನ್ನ ಕಟ್ಕೊ ಅಂತ ಹೇಳುದಿಲ್ಲ, ಅವನು ಮಹಾ ಸೋಮಾರಿ. ಸುಮ್ಮನೆ ಬಾ. ಸಿಗಡಿ ಸುಲಿಯೋಕೆ ಒಂದು ಜೋಡಿ ಕೈ ಹೆಚ್ಚಾಯ್ತು ಅಂತ ತಿಳ್ಕೊಳ್ತೇನೆ."

ಅವಳು ನನ್ನ ಸೆರಗಿಗೆ ಅಂಟಿದ್ದ ಸುಣ್ಣದ ಪುಡಿ ಕೊಡವಿ ಹೋದಳು. ಯಾರೋ ನನ್ನನ್ನು ಮುಟ್ಟಿ ಎಷ್ಟು ದಿನವಾಗಿತ್ತು ಎಂದು ಮನೆಗೆ ಹೋಗುವ ದಾರಿಯಲ್ಲಿ ಲೆಕ್ಕ ಹಾಕಿದೆ. ಲೆಕ್ಕ ಸಿಗಲಿಲ್ಲ.

ಮೂರು ದಿನ ಉಳಿದಿರುವಾಗ ಈರಣ್ಣ ಬಂದ. ಒಳಗೆ ಬರಲಿಲ್ಲ, ಜಗಲಿಯ ತುದಿಯಲ್ಲಿ ಕೂತ. ಅವನ ಮೈಯಿಂದ ತಾರ್ಲೆ ಎಣ್ಣೆಯ ವಾಸನೆ ಬರುತ್ತಿತ್ತು. ಚಿಕ್ಕಂದಿನಲ್ಲಿ ಅವನಿಗೆ ಆ ವಾಸನೆ ಆಗುತ್ತಿರಲಿಲ್ಲ.

"ಒಂದು ಮಾತು ಬರೆದ್ರೆ ಆಯ್ತಲ್ಲ ತಂಗಿ" ಎಂದ, ಅಂಗಳ ನೋಡುತ್ತ. "ಹೂಮೀನು, ಕಡಲು. ಅಷ್ಟೆ. ಯಾರು ಕುಡಿದು ನೋಡ್ತಾರೆ? ಆ ರುಚಿ ಗೊತ್ತಿದ್ದವ್ರು ಯಾರಿದ್ದಾರೆ ಈಗ?"

"ಬರೆದ್ರೆ ಆ ನೀರಿಗೆ ಬೇರೆಯವರ ದೋಣಿ ಇಳಿಸುವ ಹಾಗಿಲ್ವಲ್ಲ ಅಣ್ಣ."

ಅದು ನಿಜ. ಬಹಳ ವರ್ಷ ಕಾಣದ ಮೀನು ಬಂತು ಎಂದರೆ ಆ ದಿನ ಆ ನೀರು ಪೂರ್ತಿ ಆ ಮನೆಗೆ ಬಿಡಬೇಕು. ಉಳಿದವರು ದಂಡೆಯಲ್ಲಿ ನಿಂತು ನೋಡುತ್ತಾರೆ.

"ಒಂದು ದಿನ ಅಲ್ವಾ? ಸಾಯುದಿಲ್ಲ ಯಾರೂ."

"ನೀನು ಬಿಟ್ಟು ಹೋಗುವಾಗ ಅಪ್ಪನ ಬಲೆಯನ್ನ ಒಂದ್ಸಲ ಮುಟ್ಟಿಯಾದ್ರೂ ಹೋದಿಯಾ?" ಎಂದು ಕೇಳಿದೆ. ಯಾಕೆ ಆ ಮಾತು ಬಂತೋ. ಅವನು ಎದ್ದು ನಿಂತು ಪಂಚೆ ಕೊಡವಿಕೊಂಡ.

"ನಂಗೂ ಆ ಹೆಸರು ಬೇಕು ಮಾರಾಯ್ತಿ. ನಾನು ತಾರ್ಲೆಯವ ಅಂತ ಎಲ್ರೂ ಹೇಳ್ತಾರೆ, ನಾನೂ ಹೇಳ್ತೇನೆ. ಆದ್ರೆ ಬೆಳಿಗ್ಗೆ ಬಂದು ಮೊದಲು ನೋಡುದು ಕೊನೆಯ ಸಾಲನ್ನೇ."

ಅವನು ಹೋದ ಮೇಲೆ ನಾನು ಬಹಳ ಹೊತ್ತು ಜಗಲಿಯಲ್ಲೇ ಇದ್ದೆ. ಸುಳ್ಳು ಬರೆಯುವುದಿಲ್ಲ ಎಂದು ಗಟ್ಟಿಮಾಡಿಕೊಂಡೆ. ಅದರಲ್ಲಿ ದೊಡ್ಡತನ ಏನೂ ಇರಲಿಲ್ಲ. ಸುಳ್ಳು ಬರೆದರೆ ನಾಳೆಯಿಂದ ನನ್ನ ನಾಲಿಗೆ ನನಗೇ ಸುಳ್ಳು ಹೇಳಬಹುದು ಎಂಬ ಹೆದರಿಕೆ, ಅಷ್ಟೆ.

ಕೊನೆಯ ದಿನ ಕೆರೆಗೆ ಹೋದಾಗ ಇನ್ನೂ ಕತ್ತಲಿತ್ತು. ಬೊಗಸೆ ನೀರೆತ್ತಿ ಬಾಯಿಗೆ ಹಾಕಿಕೊಂಡೆ. ಬಂಗುಡೆ ಇತ್ತು, ಬಾಳೆಮೀನು ಇತ್ತು. ಅಷ್ಟೇ. ಉಗುಳಿ ಹೊರಡಬೇಕಿತ್ತು. ಹೊರಡಲಿಲ್ಲ. ತಾವರೆಯ ಬದಿಗೆ ಹೋಗಿ ಮತ್ತೊಮ್ಮೆ ನೋಡಿದೆ. ತೂಬಿನ ಹತ್ತಿರ ಹೋಗಿ ಮತ್ತೊಮ್ಮೆ. ಸೊಂಟದವರೆಗೆ ಇಳಿದು ಆಳದ ನೀರು ತೆಗೆದು ನೋಡಿದೆ. ಸೀರೆಯೆಲ್ಲ ಒದ್ದೆಯಾಯಿತು. ಇಲ್ಲ. ದಿನವೂ ನಾನು ನದಿಗೆ ತಲುಪುವ ಹೊತ್ತಿಗೆ ಮೂಡಣದಲ್ಲಿ ಒಂದು ಗೆರೆ ಬೆಳಕು ಮೂಡಿರುತ್ತಿತ್ತು. ಆ ದಿನ ತಲುಪಿದಾಗ ಮರದ ಎಲೆ ಎಲೆ ಕಾಣುತ್ತಿತ್ತು.

ನದಿಯ ಮೆಟ್ಟಿಲಲ್ಲಿ ಕೂತು ಬೊಗಸೆ ಮುಳುಗಿಸಿದೆ. ಮೊದಲು ಸಿಗಡಿ ಬಂತು, ದಟ್ಟವಾಗಿ, ಆ ವರ್ಷವೆಲ್ಲ ಎಲ್ಲೂ ಸಿಗದಷ್ಟು ಸಿಹಿಯಾಗಿ. ನುಂಗುವ ಮೊದಲು ಅದರ ಹಿಂದಿನಿಂದ ಇನ್ನೊಂದು ಬಂತು. ತಣ್ಣಗೆ. ಬೆಳ್ಳಗೆ.

ನಾನು ಉಗುಳಿಬಿಟ್ಟೆ. ಮತ್ತೆ ಎತ್ತಿದೆ. ಮತ್ತೆ ಅದೇ. ಕಣ್ಣು ಮುಚ್ಚಿಕೊಂಡು ಮೂರನೆಯ ಸಲ ಬಾಯಿಗೆ ಹಾಕಿಕೊಂಡಾಗ, ಅಮ್ಮನ ಬೊಗಸೆಯಿಂದ ಕುಡಿದ ಆ ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು. ಕಡಲಿಗೆ ಓಡಿದೆ. ಅಲ್ಲಿ ಏನೇನು ಇತ್ತು ಎಂದು ಹೇಗೋ ನೋಡಿ, ಕಟ್ಟೆಗೆ ಬಂದು, ಎಲ್ಲರ ಉಸಿರಿನ ಮುಂದೆ ಬರೆದೆ. ಬಂಗುಡೆ, ಕೆರೆ. ಬಾಳೆಮೀನು, ಕೆರೆ, ತೂಬಿನ ಬಳಿ. ತಾರ್ಲೆ, ಕಡಲು. ಏಡಿ, ಕಡಲು. ಸಿಗಡಿ, ನದಿ, ಬಹಳ ದಟ್ಟ. ಕೊನೆಯ ಸಾಲಿನಲ್ಲಿ ಗೆರೆ ಎಳೆಯಲಿಲ್ಲ. ಹೂಮೀನು, ನದಿ ಎಂದು ಬರೆದೆ.

ಕಡ್ಡಿ ಕೆಳಗಿಟ್ಟ ಕೂಡಲೇ ಜಟ್ಟಿಯಜ್ಜ ಕೂಗಿದ, "ನದಿ ಬಿಡಿ! ನದಿ ಹೂಮೀನಿನವರಿಗೆ!" ಈರಣ್ಣ ಗುಂಪಿನ ಹಿಂದೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದ. ಹೊನ್ನಿಯಕ್ಕನ ಮನೆಯವರು ಸಿಗಡಿಯ ಸಾಲು ನೋಡಿದ್ದೇ ಎಂಟು ದೋಣಿಯನ್ನೂ ನದಿಗೆ ಇಳಿಸತೊಡಗಿದ್ದರು. ಅವಳ ಗಂಡ ಹಲಗೆ ನೋಡಿದ, ನನ್ನನ್ನು ನೋಡಿದ, ಹೋಗಿ ದೋಣಿಗಳನ್ನು ದಂಡೆಗೆ ಎಳೆಸಿದ. ಕೊನೆಯ ದಿನದ ಸಿಗಡಿಯನ್ನು ಅವರು ಮಾರುವುದಿಲ್ಲ. ಒಣಗಿಸಿ ಮಳೆಗಾಲದ ನಾಲ್ಕು ತಿಂಗಳು ಅದನ್ನೇ ಉಣ್ಣುತ್ತಾರೆ. ಆ ವರ್ಷ ಅವರಿಗೆ ಸಿಗಡಿ ಸರಿಯಾಗಿ ಸಿಕ್ಕಿರಲಿಲ್ಲ. ಮರಳಿನ ಮೇಲೆ ಅವಳ ಅತ್ತೆ ಬೆಳಗಿನಿಂದಲೇ ಚಾಪೆ ಹಾಸಿಟ್ಟಿದ್ದಳು.

ಅಪ್ಪನ ದೋಣಿ ಚಪ್ಪರದಲ್ಲಿ ಮಗುಚಿ ಬಿದ್ದಿತ್ತು. ನಾಲ್ಕು ಜನ ಹೊತ್ತು ತಂದು ನದಿಗೆ ಇಳಿಸಿ, ಕೈ ತೆಗೆದುಬಿಟ್ಟರು. ಅಲ್ಲಿಂದ ಮುಂದೆ ಹೂಮೀನಿನವರಲ್ಲದೆ ಬೇರೆಯವರು ಮುಟ್ಟುವ ಹಾಗಿಲ್ಲ. ನಾನು ಬೀಸುಬಲೆಯನ್ನು ಹೆಗಲಿಗೆ ಹಾಕಿಕೊಂಡು, ಬಿದಿರ ಗಳ ಒತ್ತುತ್ತ ನಡುನದಿಗೆ ಹೋದೆ. ಎರಡೂ ದಂಡೆಯಲ್ಲಿ ಊರೇ ನಿಂತಿತ್ತು.

ಮೊದಲ ಸಲ ಬಲೆ ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ. ದಂಡೆಯಿಂದ ಈರಣ್ಣ, "ಮೊಣಕೈ ಎತ್ತು! ಸೊಂಟ ತಿರುಗಿಸು!" ಎಂದು ಕೂಗಿದ. ಯಾರೋ ಅವನನ್ನು ಸುಮ್ಮನಿರಿಸಿದರು. ಎರಡನೆಯ ಸಲ ಬಲೆ ಗುಂಡಗೆ ಬಿತ್ತು. ಎಳೆದೆ. ಒಳಗೆ ಸಿಗಡಿ ಪಟಪಟ ಸಿಡಿಯುತ್ತಿದ್ದವು, ಬೆರಳುದ್ದದವು. ನಮ್ಮ ಮನೆಯ ಮೀನಲ್ಲ. ಅವನ್ನು ನೀರಿಗೇ ಸುರಿದೆ. ಸಿಗಡಿ ಮನೆಯವರು ನೋಡುತ್ತಿದ್ದರು.

ಮೂರನೆಯ ಸಲ ಬೀಸುವ ಮೊದಲು ನಾನು ನೀರನ್ನು ನೋಡಿದೆ. ಬಿಸಿಲು ಏರಿತ್ತು. ಮೇಲಿನ ತಿರುವಿನಿಂದ ನೀರಿನ ಒಂದು ಬಳ್ಳಿ ಬೆಳ್ಳಗೆ, ಕದಡಿದ ಹಾಗೆ ಇಳಿದು ಬರುತ್ತಿತ್ತು. ಅದರ ಮೇಲೆ ಒಂದಿಷ್ಟು ಅಕ್ಕಿಯ ತೌಡು ತೇಲುತ್ತಿತ್ತು. ತಲೆಯೆತ್ತಿದೆ. ಮೆಟ್ಟಿಲಿನಿಂದ ಕಾಣದ ತಿರುವಿನ ಗುಂಡಿಯಲ್ಲಿ ಸಿಗಡಿ ಮನೆಯ ಹೆಂಗಸರು ಸಾಲಾಗಿ ಬಗ್ಗಿ ಬುಟ್ಟಿಯಲ್ಲಿ ಅಕ್ಕಿ ತೊಳೆಯುತ್ತಿದ್ದರು. ದೋಣಿ ಎಳೆದಿಡುವ ದಿನ ಊರಿಗೆಲ್ಲ ಊಟ, ಆ ವರ್ಷದ ಅಡುಗೆ ಸಿಗಡಿಯವರದು. ಎಂದಿನ ಹಾಗಾದರೆ ಬಾವಿಯಲ್ಲಿ ತೊಳೆಯುತ್ತಿದ್ದರು. ಬಾವಿ ಬತ್ತಿತ್ತು. ನಾನು ನದಿ ನೋಡಿ ಹೋಗುವ ಹೊತ್ತು ಅವರಿಗೆ ಗೊತ್ತು. ಅಷ್ಟು ಹೊತ್ತು ಕಾದು, ನಾನು ನೋಡಿ ಹೋಗಿರಬೇಕೆಂದು ತಿಳಿದು, ನದಿಗೆ ಇಳಿದಿದ್ದರು. ನಾನು ಆಗ ಕೆರೆಯಲ್ಲಿ ಸೊಂಟದವರೆಗೆ ಮುಳುಗಿ ಹುಡುಕುತ್ತಿದ್ದೆ.

ಬಗ್ಗಿ ಬೊಗಸೆಯಲ್ಲಿ ಆ ನೀರನ್ನು ಕುಡಿದೆ. ಬೆಳ್ಳಗಿತ್ತು. ಬೆಳಗಿನದೇ ರುಚಿ. ಅಕ್ಕಿ ತೊಳೆದ ನೀರಿನ ರುಚಿ. ಗಳ ಒತ್ತಿ ಆ ಬಳ್ಳಿಯಿಂದ ಆಚೆಗೆ, ತಿಳಿನೀರಿಗೆ ಹೋಗಿ ಕುಡಿದೆ. ಸಿಗಡಿ. ಸಿಗಡಿ ಬಿಟ್ಟು ಬೇರೆ ಏನೂ ಇಲ್ಲ.

ಆಗ ನಾನು ದಂಡೆಗೆ ತಿರುಗಿ ಕೂಗಿ ಹೇಳಬಹುದಿತ್ತು. ಮಧ್ಯಾಹ್ನ ದೋಣಿ ಎಳೆದಿಡುವುದಕ್ಕೆ ಹೊತ್ತು ಇನ್ನೂ ಇತ್ತು. ಎಂಟು ದೋಣಿಗಳು ನೀರಿನ ಅಂಚಿನಲ್ಲೇ ಇದ್ದವು. ಎರಡು ತಾಸು ಸಿಕ್ಕಿದ್ದರೂ ಅವರ ಚಾಪೆಗಳು ತುಂಬುತ್ತಿದ್ದವು. ಇದನ್ನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಇಡೀ ಊರು ನನ್ನನ್ನೇ ನೋಡುವಾಗ ಬಾಯಿ ತೆರೆದು ಗೊತ್ತಿಲ್ಲದವಳು ನಾನು. ಆದರೆ ಕಾರಣ ಅದೊಂದೇ ಅಲ್ಲ. ದಂಡೆಯ ಮೇಲೆ ಮಕ್ಕಳು, "ಹೂಮೀನಿನ ಮಾದೇವಕ್ಕಾ!" ಎಂದು ಕೂಗುತ್ತಿದ್ದರು. ಏಳು ವರ್ಷದಿಂದ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ನಾನು ಬಲೆಯನ್ನು ಮತ್ತೆ ಬೀಸಿದೆ. ಮತ್ತೆ ಬೀಸಿದೆ. ಮಧ್ಯಾಹ್ನದವರೆಗೂ ಬೀಸುತ್ತಲೇ ಇದ್ದೆ. ಪ್ರತಿ ಸಲ ಅವರ ಸಿಗಡಿಯನ್ನು ಅವರ ಕಣ್ಣ ಮುಂದೆ ನೀರಿಗೆ ಸುರಿದೆ.

ಸೂರ್ಯ ನೆತ್ತಿಗೆ ಬಂದಾಗ ಜಟ್ಟಿಯಜ್ಜ ಶಂಖ ಊದಿದ. ಕೆರೆಯಿಂದ, ಕಡಲಿನಿಂದ ದೋಣಿಗಳು ಬಂದವು. ಎಲ್ಲವನ್ನೂ ಮೇಲೆ ಎಳೆದು, ಮಗುಚಿ, ತೆಂಗಿನ ಗರಿ ಹೊದಿಸಿದರು. ಇನ್ನು ನಾಲ್ಕು ತಿಂಗಳು ಯಾವ ನೀರಿಗೂ ಯಾರೂ ಇಳಿಯುವುದಿಲ್ಲ. ಹೊನ್ನಿಯಕ್ಕನ ಅತ್ತೆ ಖಾಲಿ ಚಾಪೆಗಳನ್ನು ಒಂದೊಂದಾಗಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು, ಬಗ್ಗಿ ಬಗ್ಗಿ ನಡೆದು ಹೋಗುತ್ತಿದ್ದಳು.

ನಾನು ಒದ್ದೆ ಬಲೆ ಹೊತ್ತು ಕಟ್ಟೆಗೆ ಬಂದೆ. ಯಾರೂ ಬೈಯಲಿಲ್ಲ. ಅಜ್ಜ ನನ್ನ ಕೈಯಿಂದ ಬಲೆ ಇಳಿಸಿಕೊಂಡು, "ಮೀನು ಬಂದಿತ್ತು, ಸಿಕ್ಲಿಲ್ಲ. ಹಾಗೂ ಆಗ್ತದೆ ಮಗಾ. ಹಲಗೆಗೆ ಬಂತಲ್ಲ, ಒಂದು ವರ್ಷ ಉಂಟು ನಿಂಗೆ" ಎಂದ. ಈರಣ್ಣ ದೂರದಿಂದಲೇ ಮುಖ ಅರಳಿಸಿ ತಲೆಯಾಡಿಸಿದ. ಹೊನ್ನಿಯಕ್ಕ ಒದ್ದೆ ಸೆರಗು ಹಿಂಡುತ್ತ ಬಂದಳು.

"ಬಿಡು ಮಾರಾಯ್ತಿ, ಅಳುಮುಖ ಮಾಡ್ಬೇಡ. ಒಂದು ಮಳೆಗಾಲ ಸಿಗಡಿ ಇಲ್ದೆ ಬದುಕಿದ್ರೆ ನನ್ನ ಗಂಡನ ಹೊಟ್ಟೆ ಸ್ವಲ್ಪ ಇಳೀತದೆ."

ಎಲ್ಲರೂ ನಕ್ಕರು. ಅವಳ ಗಂಡನೂ ನಕ್ಕ. ಹೇಳಬೇಕೆಂದು ನಾನು ತೀರ್ಮಾನಿಸಿದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ. ಆ ನಗು ನಿಲ್ಲುವ ಮೊದಲೇ ನನ್ನ ದನಿ ನನಗೇ ಕೇಳಿಸಿತು.

"ಹೂಮೀನು ಬಂದಿರಲಿಲ್ಲ. ನಾನು ತಡ ಮಾಡಿ ಬಂದೆ. ನೀವು ಮೇಲೆ ಅಕ್ಕಿ ತೊಳೀತಾ ಇದ್ರಿ. ಆ ನೀರನ್ನ ಹೂಮೀನು ಅಂದ್ಕೊಂಡೆ."

ಯಾರೋ ಒಬ್ಬ, "ನಮ್ಮ ಅಕ್ಕಿಯೂ ಮೀನಾಯ್ತಾ?" ಎಂದ. ನಗು ಬರಲಿಲ್ಲ.

"ಅಯ್ಯೋ, ನಂಗೂ ಗೊತ್ತಾಗ್ಲಿಲ್ಲ ನೀನಿನ್ನೂ ಬಂದಿಲ್ಲ ಅಂತ" ಎಂದಳು ಹೊನ್ನಿಯಕ್ಕ. ಅವಳು ಆಗಲೂ ನನ್ನ ಪರವಾಗಿಯೇ ಇದ್ದಳು. ಅದನ್ನು ನಾನು ನೋಡಿದೆ. ಆಮೇಲೆ ಅವಳ ಹುಬ್ಬು ಕೂಡಿತು. "ನಿಂಗೆ ಯಾವಾಗ ಗೊತ್ತಾಯ್ತು?"

ಇಲ್ಲಿ ಸುಳ್ಳು ಹೇಳಬಹುದಿತ್ತು. ಈಗ, ದಂಡೆಗೆ ಬರುವಾಗ ಎಂದಿದ್ದರೆ ಸಾಕಿತ್ತು.

"ಮೂರನೇ ಸಲ ಬಲೆ ಬೀಸುವಾಗ."

ಅವಳು ಸೂರ್ಯನನ್ನು ನೋಡಿದಳು. ಮೂರನೆಯ ಸಲ ಬೀಸಿದಾಗ ಅದು ಎಲ್ಲಿತ್ತು ಎಂದು ಅವಳಿಗೆ ನೆನಪಿತ್ತು. ಎಲ್ಲರಿಗೂ ನೆನಪಿತ್ತು. ಅವಳ ಗಂಡ ತಿರುಗಿ ನಡೆದ. ಅವನ ಹಿಂದೆ ಒಬ್ಬೊಬ್ಬರಾಗಿ ಸಿಗಡಿ ಮನೆಯವರು ನಡೆದರು. ಹೊನ್ನಿಯಕ್ಕ ಸೆರಗಿನ ತುದಿಯನ್ನು ಇನ್ನೊಮ್ಮೆ ಹಿಂಡಿದಳು. ಅದರಲ್ಲಿ ನೀರಿರಲಿಲ್ಲ. ಅವಳೂ ಹೋದಳು. ಈರಣ್ಣನನ್ನು ಹುಡುಕಿದೆ. ಅವನು ತಾರ್ಲೆಯವರ ನಡುವೆ ತಲೆ ತಗ್ಗಿಸಿ ನಿಂತಿದ್ದ.

ಜಟ್ಟಿಯಜ್ಜ ಹಲಗೆಯ ಮುಂದೆ ಬಂದು ನಿಂತ. "ಹೇಳದೆ ಇದ್ರೆ ಆಗ್ತಿತ್ತಲ್ಲ ಮಗಾ" ಎಂದ, ನನಗೊಬ್ಬಳಿಗೇ ಕೇಳುವ ಹಾಗೆ. ಆಮೇಲೆ ಅಂಗೈಯಿಂದ ಕೊನೆಯ ಸಾಲನ್ನು ಉಜ್ಜಿದ. ಆ ಜಾಗದಲ್ಲಿ ಸುಣ್ಣದ ಬಿಳಿ ಹಬ್ಬಿಕೊಂಡಿತೇ ಹೊರತು ಹಲಗೆ ಕಪ್ಪಾಗಲಿಲ್ಲ.

ಊಟಕ್ಕೆ ಮರಳಿನ ಮೇಲೆ ಚಪ್ಪರ ಹಾಕಿದ್ದರು. ಆ ಊಟದಲ್ಲಿ ಮನೆ ಮನೆಗೆ ಬೇರೆ ಪಂಕ್ತಿ. ಹಿಂದಿನ ಎರಡು ವರ್ಷ ನಮ್ಮ ಪಂಕ್ತಿಯಲ್ಲಿ ಒಂದೇ ಎಲೆ ಇರುತ್ತಿತ್ತು, ನನ್ನದು. ಬಡಿಸುವವರು, "ಹೂಮೀನಿನವರದು ಬೇಗ ಮುಗೀತದೆ" ಎಂದು ನನಗೇ ಮೊದಲು ಬಡಿಸುತ್ತಿದ್ದರು. ಆ ದಿನ ಆ ಜಾಗದಲ್ಲಿ ಎಲೆ ಹಾಕಿರಲಿಲ್ಲ. ಬಾಳೆಮೀನಿನವರ ಪಂಕ್ತಿಯನ್ನು ಅಲ್ಲಿಯವರೆಗೆ ಬೆಳೆಸಿದ್ದರು. ನಾನು ಚಪ್ಪರದ ಕಂಬದ ಹತ್ತಿರ ನಿಂತೆ. ಮನೆಗೆ ಹೋಗಿಬಿಡಬಹುದಿತ್ತು. ಮನೆಯಲ್ಲಿ ಒಲೆ ಹಚ್ಚಿರಲಿಲ್ಲ, ಅದು ಕಾರಣವಲ್ಲ. ಅಲ್ಲಿ ಅಷ್ಟು ಜನರಿದ್ದರು. ನಾಳೆಯಿಂದ ನನ್ನ ಬೆನ್ನ ಹಿಂದೆ ಯಾರೂ ನಿಲ್ಲುವುದಿಲ್ಲ.

ಮೂಲೆಯ ರಾಶಿಯಿಂದ ಒಂದು ಬಾಳೆಲೆ ತೆಗೆದುಕೊಂಡು ಸಿಗಡಿ ಮನೆಯ ಪಂಕ್ತಿಗೆ ಹೋದೆ. ಅವರ ಅಡುಗೆ ಮುಗಿದಿತ್ತು, ಬಡಿಸುವ ಸರದಿ ಏಡಿಯವರದು. ಆದ್ದರಿಂದ ಮನೆಯವರೆಲ್ಲ ಕೂತಿದ್ದರು. ತುದಿಯಲ್ಲಿ ಅತ್ತೆ, ಅವಳ ಪಕ್ಕ ಹೊನ್ನಿಯಕ್ಕ. ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಒತ್ತಾಗಿ ಕೂತಿದ್ದರು. ಎಲೆಗಳ ಮೇಲೆ ಅನ್ನ ಹಬೆಯಾಡುತ್ತಿತ್ತು. ನಾನು ಅವರ ಹಿಂದೆ ನಿಂತೆ. ನನ್ನ ನೆರಳು ಹೊನ್ನಿಯಕ್ಕನ ಎಲೆಯ ಮೇಲೆ ಬಿತ್ತು. ಅವಳ ಕೈ ಅನ್ನದಲ್ಲಿ ಒಂದು ಕ್ಷಣ ನಿಂತು, ಮತ್ತೆ ಕಲೆಸತೊಡಗಿತು.

"ಇಲ್ಲಿ ಕೂತುಕೊಳ್ಳಲಾ?" ಎಂದೆ.

ಸಾರು ಬಡಿಸುವವನು ನನ್ನ ಬದಿಯಿಂದ ದಾಟಿ ಮುಂದಿನ ಎಲೆಗೆ ಹೋದ. ಅತ್ತೆ ಉಪ್ಪಿಗೆ ಕೈ ಚಾಚಿದಳು, ಯಾರೋ ಉಪ್ಪು ಕೊಟ್ಟರು. ನನ್ನ ದನಿ ಕೇಳಿಸಿಲ್ಲವೇನೋ ಎಂದು ನಾನು ಬಗ್ಗಿ, ಇನ್ನೂ ಸ್ವಲ್ಪ ಜೋರಾಗಿ ಕೇಳಿದೆ.

"ಹೊನ್ನಿಯಕ್ಕಾ, ಸ್ವಲ್ಪ ಜರುಗ್ತೀರಾ?"